‘ಇನಿ ಬೊಡ್ಚಿ’ ಅನ್ನುವ ತಾಂಡೇಲ ಬೇಕು

ಹೋದ ಸೆಪ್ಟೆಂಬರ್‌ನಲ್ಲಿ ಅಕ್ಕ, ಭಾವ ಮತ್ತು ಬೆಂಗಳೂರಿನ ಅವರ ಸ್ನೇಹಿತರ ಎರಡು ಕುಟುಂಬ ನಾನಿರುವ ಮಾಲ್ಟಾಕ್ಕೆ, ಮೆಡಿಟರೇನಿಯನ್ ಸಮುದ್ರದ ಈ ಪುಟ್ಟ ದ್ವೀಪ ದೇಶಕ್ಕೆ, ಬಂದಿದ್ದರು. ಒಂದು ದಿನದ ಮಟ್ಟಿಗಾದರೂ ಇಡೀ ಯಾಟ್ (ವಿಹಾರದ ದೋಣಿ) ಬಾಡಿಗೆಗೆ ಹಿಡಿಯಬೇಕು ಅನ್ನುವುದು ಭಾವನ ಆಸೆ. ಹಿಡಿದೆವು. ಬೆಳಿಗ್ಗೆ ಸ್ಲಿಯೆಮಾದ ದಕ್ಕೆಗೆ ಹೋದಾಗ ದೋಣಿ ನಡೆಸುವ ಸ್ಕಿಪ್ಪರ್ ನಮ್ಮನ್ನು ಒಬ್ಬೊಬ್ಬರನ್ನಾಗಿ ಎಣಿಸಿದ. ಹದಿಮೂರು. ಹನ್ನೆರಡು ಜನರಿಗೆ ಮಾತ್ರ ಅನುಮತಿ ಅಂದ.

ಹದಿಮೂರನೆಯದು ಎರಡು ವರ್ಷದ ಮಗು. ಬುಕಿಂಗ್ ಮಾಡುವಾಗ ಅದನ್ನು ಯಾರೂ ಲೆಕ್ಕಕ್ಕೆ ತಗೊಂಡಿರಲಿಲ್ಲ. ‘ಮಡಿಲಲ್ಲಿ ಕೂರಿಸ್ಕೋತೀವಿ, ಸ್ವಲ್ಪ ಅಡ್ಜಸ್ಟ್ ಮಾಡೋಕೆ ಹೇಳು’ ಅಂತ ಭಾವ ನನ್ನ ಕಡೆ ನೋಡಿದರು. ನಾನು ಹೇಳಿದೆ. ಆತ ಕೋಪ ಮಾಡಿಕೊಳ್ಳಲಿಲ್ಲ. ನೀರಿಗೆ ಬಿದ್ದರೆ ಮಗುವೂ ಒಂದು ಜೀವವೇ ಅಲ್ವಾ ಅಂದ, ಅಷ್ಟೇ. ನಾನು ಇಳಿದೆ. ಬಸ್ಸು ಹಿಡಿದು ಬಂದರಿನ ಊರಾದ ಮಾರ್ಸಶ್ಲೋಕ್‌ಗೆ ಹೋಗಿ, ಅವರು ಮಧ್ಯಾಹ್ನ ಅಲ್ಲಿಗೆ ಬರುವ ತನಕ ದಡದಲ್ಲಿ ಕೂತಿದ್ದೆ.

ಅಲ್ಲಿ ಕೂತು ಯೋಚಿಸಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮಲ್ಪೆಯವನು. ಅಪ್ಪ ಟ್ರಾಲ್ ಬೋಟಿನಲ್ಲಿ ತಾಂಡೇಲರಾಗಿದ್ದರು. ಕರಾವಳಿಯವರಲ್ಲದವರಿಗೆ ಹೇಳಬೇಕೆಂದರೆ, ಬೋಟಿನ ಮಾಲೀಕ ದಡದಲ್ಲಿರುತ್ತಾನೆ, ನೀರಿನ ಮೇಲೆ ನಡೆಯುವುದು ತಾಂಡೇಲನ ಮಾತು. ಐಸು ತುಂಬಿಸಿ, ಡೀಸೆಲ್ ಹಾಕಿಸಿ, ಅಕ್ಕಿ ಸಾಮಾನು ಏರಿಸಿ ಎಲ್ಲ ತಯಾರಾದ ಮೇಲೂ ಒಮ್ಮೊಮ್ಮೆ ಅಪ್ಪ ಪಡುವಣ ಕಡೆ ನೋಡಿ ‘ಇನಿ ಬೊಡ್ಚಿ’ ಅನ್ನುತ್ತಿದ್ದರು. ಇವತ್ತು ಬೇಡ. ಐಸು ಕರಗುತ್ತಿತ್ತು. ದಿನದ ದುಡಿಮೆ ಹೋಗುತ್ತಿತ್ತು. ಆದರೂ ಯಾಕೆ ಅಂತ ಯಾರೂ ಕೇಳುತ್ತಿರಲಿಲ್ಲ, ಮಾಲೀಕರೂ ಕೇಳುತ್ತಿರಲಿಲ್ಲ.

ಮಾಲ್ಟಾದ ಸ್ಕಿಪ್ಪರ್ ನಮಗೆ ಅವತ್ತು ಹೇಳಿದ್ದು ಎರಡನೆಯ ‘ಬೇಡ’. ಮೊದಲನೆಯದು ಹಿಂದಿನ ಸಂಜೆಯೇ ಮೆಸೇಜಿನಲ್ಲಿ ಬಂದಿತ್ತು. ನಾಳೆ ಮಧ್ಯಾಹ್ನದ ಹೊತ್ತಿಗೆ ವಾಯವ್ಯದ ಗಾಳಿ ಏಳುತ್ತದೆ, ಕೊಮಿನೊ ದ್ವೀಪದ ಕಡೆ ಹೋಗುವುದಿಲ್ಲ. ಬೇಕಾದರೆ ಪೂರ್ವದ ದಡ ಹಿಡಿದು ತೆಂಕಣಕ್ಕೆ ಸೇಂಟ್ ಪೀಟರ್ಸ್ ಪೂಲ್, ಮಾರ್ಸಶ್ಲೋಕ್ ಕಡೆ ಹೋಗೋಣ, ಬೇಡವಾದರೆ ಇನ್ನೊಂದು ದಿನ, ಅದೂ ಬೇಡವಾದರೆ ದುಡ್ಡು ವಾಪಸ್. ಈ ವಾಯವ್ಯದ ಗಾಳಿಗೆ ಇಲ್ಲಿನವರು ಮಯ್ಯಿಸ್ತ್ರಾಲ್ ಅನ್ನುತ್ತಾರೆ. ಮಾಲ್ಟಾದಲ್ಲಿ ಜಾಸ್ತಿ ಬೀಸುವುದು ಅದೇ. ಈಶಾನ್ಯದ್ದು ಗ್ರಿಗಾಲ್, ಆಗ್ನೇಯದ್ದು ಶ್ಲೋಕ್. ಮಾರ್ಸಶ್ಲೋಕ್ ಅಂದರೆ ಆಗ್ನೇಯದ ಬಂದರು, ಊರಿನ ಹೆಸರಿನಲ್ಲೇ ದಿಕ್ಕು ಇದೆ. ಗಾಳಿಗೆ ಒಂದೊಂದು ಹೆಸರಿಟ್ಟುಕೊಂಡ ಜನ ಅಂದರೆ ನನಗೆ ಮೊದಲ ದಿನದಿಂದಲೂ ಹತ್ತಿರದವರು ಅನಿಸಿದೆ.

ಭಾವನಿಗೆ ಬೇಸರವಾಯಿತು. ಬೇಸರ ತಪ್ಪಲ್ಲ. ಕೊಮಿನೊದ ಬ್ಲೂ ಲಗೂನಿನ ತಿಳಿ ನೀಲಿ ನೀರಿನ ಫೋಟೋ ನೋಡಿಯೇ ಅಷ್ಟು ದೂರದಿಂದ ಬಂದವರು ಅವರು. ಮರುದಿನ ಗಾಳಿ ಎದ್ದಿತು, ಆದರೆ ಭಾರೀ ಏನಲ್ಲ. ಸಂಜೆ ಭಾವ ‘ನೋಡು, ಹೋಗಬಹುದಿತ್ತು’ ಅಂದರು. ಹೋಗಬಹುದಿತ್ತೋ ಏನೋ. ಆದರೆ ಸಮುದ್ರದ ವಿಷಯದಲ್ಲಿ ‘ಬೇಡ’ ಅಂದವನಿಗೆ ಸಾಕ್ಷಿ ಸಿಗುವುದಿಲ್ಲ. ಹೋಗದೇ ಉಳಿದ ದಿನ ಏನೂ ಆಗುವುದಿಲ್ಲ, ಏನೂ ಆಗದ ಕಾರಣಕ್ಕೆ ಅವನು ಹೆದರುಪುಕ್ಕಲ ಅನಿಸಿಕೊಳ್ಳುತ್ತಾನೆ. ಅಪ್ಪನೂ ಎಷ್ಟೋ ಸಲ ಅನಿಸಿಕೊಂಡಿದ್ದಾರೆ. ಬೇರೆ ಬೋಟುಗಳು ಮೀನು ತುಂಬಿಸಿಕೊಂಡು ಬಂದ ದಿನ ಅವರು ಮನೆಯಲ್ಲಿ ಕೂತು ಬಲೆ ರಿಪೇರಿ ಮಾಡಿದ್ದನ್ನು ನಾನು ಕಣ್ಣಾರೆ ನೋಡಿದ್ದೇನೆ. ಹಾಗಾಗಿ ಆ ಸ್ಕಿಪ್ಪರ್ ಬಗ್ಗೆ ನನಗೆ ಗೌರವ ಜಾಸ್ತಿಯೇ ಆಯಿತು.

ಈಗ ಊರಿನ ಮಾತು. ಮಲ್ಪೆಯಿಂದ ಸೇಂಟ್ ಮೇರಿಸ್ ದ್ವೀಪಕ್ಕೆ ಹೋಗುವ ಬೋಟಿನಲ್ಲಿ ಟಿಕೆಟ್ ತಲೆಗೆ ಇಷ್ಟು ಅಂತ. ಒಬ್ಬ ಹೆಚ್ಚು ಹತ್ತಿದರೆ ಬೋಟಿನವನಿಗೆ ಲಾಭ. ಇಲ್ಲಿ ಯಾಟ್ ಬಾಡಿಗೆ ಇಡೀ ದೋಣಿಗೆ, ತಲೆಗಲ್ಲ. ಒಬ್ಬ ಹೆಚ್ಚು ಹತ್ತಿದರೆ ಲಾಭ ಗಿರಾಕಿಗೆ, ಯಾಕೆಂದರೆ ಖರ್ಚು ಹಂಚಿಹೋಗುತ್ತದೆ. ಅಂದರೆ ಅಲ್ಲಿ ಮಾರುವವನ ಕಡೆಯಿಂದ ಒತ್ತಡ, ಇಲ್ಲಿ ಕೊಳ್ಳುವವನ ಕಡೆಯಿಂದ. ಎರಡೂ ಕಡೆ ಬಾಯಲ್ಲಿ ಬರುವುದು ಒಂದೇ ಮಾತು, ‘ಇನ್ನೊಬ್ಬರು ತಾನೇ’. ದೋಣಿಗೆ ಮಾತ್ರ ಅದು ತೂಕ. ಅಂತರರಾಷ್ಟ್ರೀಯ ನಿಯಮದಲ್ಲಿ ಹನ್ನೆರಡಕ್ಕಿಂತ ಹೆಚ್ಚು ಪ್ರಯಾಣಿಕರು ಹತ್ತಿದರೆ ಅದು ಪ್ರಯಾಣಿಕ ಹಡಗಿನ ಲೆಕ್ಕಕ್ಕೆ ಹೋಗುತ್ತದೆ, ನಿಯಮಗಳೇ ಬೇರೆಯಾಗುತ್ತವೆ. ಹಾಗಾಗಿ ಹನ್ನೆರಡು ಅನ್ನುವುದು ಆ ಸ್ಕಿಪ್ಪರ್‌ನ ಹಟ ಅಲ್ಲ.

ಆದರೆ ಇಲ್ಲಿ ಎಲ್ಲ ಸರಿ, ನಮ್ಮಲ್ಲಿ ಎಲ್ಲ ತಪ್ಪು ಅಂತ ನಾನು ಹೇಳುತ್ತಿಲ್ಲ. ದೋಣಿಗೆ ಎಷ್ಟು ಜನ ಅನ್ನುವುದರಲ್ಲಿ ಮಾಲ್ಟಾ ಗಟ್ಟಿ. ದ್ವೀಪಕ್ಕೆ ಎಷ್ಟು ಜನ ಅನ್ನುವುದರಲ್ಲಿ ಬಹಳ ವರ್ಷ ಸಡಿಲ ಬಿಟ್ಟಿತ್ತು. ಕೊಮಿನೊ ಇರುವುದೇ ಸುಮಾರು 3.5 ಚದರ ಕಿಲೋಮೀಟರ್. ಅದರ ಪಕ್ಕದ ಕೊಮಿನೊಟ್ಟೊ ಅನ್ನುವ ಪುಟ್ಟ ಬಂಡೆಗೂ ಅದಕ್ಕೂ ನಡುವೆ ಬ್ಲೂ ಲಗೂನ್. ದೊಡ್ಡ ದೊಡ್ಡ ಬೋಟುಗಳು ತಲೆಗೆ ಇಷ್ಟು ಅಂತ ಟಿಕೆಟ್ ಮಾರಿ ಸಾವಿರಗಟ್ಟಲೆ ಜನರನ್ನು ಅಲ್ಲಿ ಇಳಿಸುತ್ತಿದ್ದವು. ದಡದ ಮೇಲೆ ಬಾಡಿಗೆ ಕುರ್ಚಿ, ಕೊಡೆ. ಟವೆಲ್ ಹಾಸಲು ಜಾಗ ಇರುತ್ತಿರಲಿಲ್ಲ. 2022ರ ಆಗಸ್ಟ್‌ನಲ್ಲಿ ಮೊವಿಮೆಂಟ್ ಗ್ರಾಫಿಟ್ಟಿ ಅನ್ನುವ ಸಂಘಟನೆಯವರು ಹೋಗಿ ಆ ಕುರ್ಚಿಗಳನ್ನೆಲ್ಲ ಎತ್ತಿ ಪಕ್ಕಕ್ಕೆ ಇಟ್ಟರು. 2025ರಲ್ಲಿ ಕೊನೆಗೂ ಬುಕಿಂಗ್ ಬಂತು. ಮೊದಲೇ ಹೊತ್ತು ಗೊತ್ತುಮಾಡಿಕೊಳ್ಳಬೇಕು, ದುಡ್ಡೇನಿಲ್ಲ, ಕೈಗೆ ಒಂದು ಪಟ್ಟಿ ಕಟ್ಟುತ್ತಾರೆ. ನನ್ನ ಪ್ರಕಾರ ಇದು ಹತ್ತು ವರ್ಷ ಮೊದಲೇ ಆಗಬೇಕಿತ್ತು.

ಕೊಮಿನೊ ಮೇಲೆ 1618ರಲ್ಲಿ ಕಟ್ಟಿದ ಒಂದು ಕಾವಲು ಗೋಪುರ ಇದೆ. ಅದರ ಹೆಸರು ಸೇಂಟ್ ಮೇರಿ ಗೋಪುರ. ಮೊದಲ ಸಲ ಆ ಹೆಸರು ಕೇಳಿದಾಗ ನನಗೆ ನಮ್ಮ ದ್ವೀಪ ಕಣ್ಣಿಗೆ ಕಟ್ಟಿತು, ಆ ಕಂಬದಂತೆ ಎದ್ದು ನಿಂತ ಕಪ್ಪು ಕಲ್ಲು, ಕಾಲಡಿಯ ಚಿಪ್ಪು. ನಮ್ಮ ಹಿರಿಯರು ಅದಕ್ಕೆ ತೋನ್ಸೆಪಾರ್ ಅನ್ನುತ್ತಾರೆ.

ಆ ದ್ವೀಪಕ್ಕೆ ಸಿಕ್ಕಿದ ಒಂದು ಭಾಗ್ಯ ಕೊಮಿನೊಗೆ ಸಿಕ್ಕಿಲ್ಲ. ಮಳೆಗಾಲ. ಮಳೆ ಹಿಡಿದ ಮೇಲೆ ಅಲ್ಲಿಗೆ ಬೋಟೇ ಇಲ್ಲ. ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಾಂತ್ರಿಕ ಮೀನುಗಾರಿಕೆಗೂ ರಜೆ. ಎಷ್ಟೇ ದುಡ್ಡಿದ್ದವನೂ, ಯಾರ ಫೋನು ಮಾಡಿಸಿದರೂ, ಜುಲೈ ತಿಂಗಳ ಆ ಕಡಲಿನ ಹತ್ತಿರ ಅಡ್ಜಸ್ಟ್ ಮಾಡಿ ಅನ್ನಲು ಆಗುವುದಿಲ್ಲ. ಆಮೇಲೆ ನೂಲ ಹುಣ್ಣಿಮೆ ಸುಮಾರಿಗೆ ಮಲ್ಪೆಯ ವಡಭಾಂಡೇಶ್ವರದಿಂದ ಮೆರವಣಿಗೆಯಲ್ಲಿ ಹೋಗಿ ಸಮುದ್ರಕ್ಕೆ ಹಾಲು, ತೆಂಗಿನಕಾಯಿ ಅರ್ಪಿಸುತ್ತಾರೆ. ಇನ್ನು ನಾವು ಬರಬಹುದಾ ಅಂತ ಕೇಳಿದ ಹಾಗೆ. ಮೆಡಿಟರೇನಿಯನ್‌ನಲ್ಲಿ ಬೇಸಿಗೆಗೆ ಮಳೆ ಇಲ್ಲವೆನ್ನುವಷ್ಟು ಕಡಿಮೆ. ಜನ ಜಾಸ್ತಿ ಬರುವ ತಿಂಗಳುಗಳೇ ಸಮುದ್ರ ಶಾಂತವಾಗಿರುವ ತಿಂಗಳುಗಳು. ಅಲ್ಲಿ ಪ್ರಕೃತಿ ಬಾಗಿಲು ಹಾಕುವುದಿಲ್ಲ, ಮನುಷ್ಯರೇ ಹಾಕಬೇಕು. ಚಳಿಗಾಲದ ಕಥೆ ಬೇರೆ. ಮಾಲ್ಟಾದ ಇನ್ನೊಂದು ದ್ವೀಪವಾದ ಗೋಜೊದ ಆ ಹೆಸರುವಾಸಿ ಕಲ್ಲಿನ ಕಮಾನು, ಅಜೂರ್ ವಿಂಡೋ, 2017ರ ಮಾರ್ಚ್ 8ರ ಬಿರುಗಾಳಿಗೆ ಕುಸಿದು ನೀರಿನ ಪಾಲಾಯಿತು.

ಹಾಗಂತ ಯಾಟ್ ಹಿಡಿಯಬೇಡಿ ಅನ್ನುತ್ತಿಲ್ಲ. ಹಿಡಿಯಿರಿ, ಚೆನ್ನಾಗಿರುತ್ತದೆ. ಸ್ಕಿಪ್ಪರ್ ಸಮೇತವೇ ಹಿಡಿಯಿರಿ. ಸ್ಕಿಪ್ಪರ್ ಇಲ್ಲದೆ ಬರೀ ದೋಣಿ ಬಾಡಿಗೆಗೆ ಕೊಡುವುದೂ ಉಂಟು, ಅದಕ್ಕೆ ನಡೆಸುವ ಲೈಸೆನ್ಸ್ ಬೇಕು, ದೊಡ್ಡ ಮೊತ್ತದ ಠೇವಣಿ ಇಡಬೇಕು, ಗೊತ್ತಿಲ್ಲದ ನೀರಿನಲ್ಲಿ ಒಂದು ಬಂಡೆಗೆ ತಾಗಿದರೆ ಆ ಠೇವಣಿ ಹೋಯಿತು ಅಂತಲೇ ಲೆಕ್ಕ. ಹೇಳಿದ ಬಾಡಿಗೆಯಲ್ಲಿ ಇಂಧನ ಸೇರಿದೆಯಾ ಅಂತ ಬರಹದಲ್ಲೇ ಕೇಳಿಕೊಳ್ಳಿ, ಸಾಮಾನ್ಯವಾಗಿ ಜಗಳ ಆಗುವುದು ಅಲ್ಲೇ. ಗಾಳಿಯಿಂದ ಟ್ರಿಪ್ ರದ್ದಾದರೆ ದುಡ್ಡು ಏನಾಗುತ್ತದೆ, ಅದನ್ನು ತೀರ್ಮಾನ ಮಾಡುವುದು ಯಾರು ಅಂತಲೂ ಕೇಳಿ. ‘ಸ್ಕಿಪ್ಪರ್ ತೀರ್ಮಾನವೇ ಅಂತಿಮ’ ಅಂತ ಬರೆದಿದ್ದರೆ ಖುಷಿಪಡಿ.

ಇನ್ನೊಂದು ವಿಷಯ, ಇದನ್ನು ಕೇಳುವವರು ಕಡಿಮೆ. ಲಂಗರು ಎಲ್ಲಿ ಹಾಕುತ್ತೀರಿ ಅಂತ ಕೇಳಿ. ಈ ಸಮುದ್ರದ ತಳದಲ್ಲಿ ಪೊಸಿಡೋನಿಯಾ ಅನ್ನುವ ಹುಲ್ಲು ಬೆಳೆಯುತ್ತದೆ. ಮೀನಿನ ಮರಿಗಳು ಬೆಳೆಯುವುದು ಅದರ ನಡುವೆ. ವರ್ಷಕ್ಕೆ ಕೆಲವೇ ಸೆಂಟಿಮೀಟರ್ ಹರಡುತ್ತದೆ, ಲಂಗರು ಕಿತ್ತರೆ ಮತ್ತೆ ಬೆಳೆಯಲು ನಮ್ಮ ಆಯಸ್ಸು ಸಾಲದು. ಇಬಿಜಾ, ಮಾಯೋರ್ಕಾ ಇರುವ ಸ್ಪೇನಿನ ಬಲೇರಿಕ್ ದ್ವೀಪಗಳಲ್ಲಿ 2018ರಲ್ಲೇ ಆ ಹುಲ್ಲಿನ ಮೇಲೆ ಲಂಗರು ಹಾಕುವುದನ್ನು ನಿಷೇಧಿಸಿದ್ದಾರೆ. ಮೇಲಿನಿಂದ ನೋಡಿದರೆ ಕಪ್ಪಗೆ ಕಾಣುವುದು ಹುಲ್ಲು, ಬಿಳಿಚಿಕೊಂಡಿರುವುದು ಮರಳು. ಮರಳಿನ ಮೇಲೆ ಹಾಕಲು ಹೇಳಿ. ಮೀನುಗಾರರ ಮನೆಯಲ್ಲಿ ಹುಟ್ಟಿದವನು ನಾನು, ಮರಿ ಬೆಳೆಯುವ ಜಾಗ ಕೆಡಿಸಿದರೆ ಹೊಟ್ಟೆ ಉರಿಯುತ್ತದೆ.

ದುಡ್ಡು ಕಡಿಮೆ ಇದ್ದರೆ ಚಿರ್ಕೆವ್ವಾ ಬಂದರಿನಿಂದ ಗೋಜೊಗೆ ದೊಡ್ಡ ಫೆರಿ ಇದೆ. ಸುಮಾರು 25 ನಿಮಿಷ. ಹೋಗುವಾಗ ಟಿಕೆಟ್ ಕೇಳುವುದಿಲ್ಲ, ಬರುವಾಗ ತಗೊಳ್ಳುತ್ತಾರೆ. ಕೊಮಿನೊ ಪಕ್ಕದಲ್ಲೇ ಹಾದು ಹೋಗುತ್ತದೆ, ಗೋಪುರ ಚೆನ್ನಾಗಿ ಕಾಣುತ್ತದೆ.

ಅವತ್ತು ಮಾರ್ಸಶ್ಲೋಕ್‌ನ ದಡದಲ್ಲಿ ಕೂತು ನಾನು ಲುಟ್ಸು ದೋಣಿಗಳ ಫೋಟೋ ತೆಗೆದು ಅಪ್ಪನಿಗೆ ಕಳಿಸಿದ್ದೆ. ಹಳದಿ, ಕೆಂಪು, ನೀಲಿ, ಹಸಿರು ಬಣ್ಣದ ಮರದ ದೋಣಿಗಳು. ಮೂತಿಯ ಎರಡೂ ಪಕ್ಕದಲ್ಲಿ ಕಣ್ಣು ಬರೆದಿರುತ್ತಾರೆ, ಕೆಡುಕು ತಾಗದಿರಲಿ ಅಂತ. ಅಪ್ಪ ವಾಪಸ್ ಫೋನ್ ಮಾಡಿದರು. ದೋಣಿ ಚೆಂದ ಇದೆ ಅಂದರು. ‘ಇಷ್ಟೊಂದು ದೋಣಿ ದಡದಲ್ಲೇ ಕಟ್ಟಿದ್ದಾರಲ್ಲ, ಇವತ್ತು ಗಾಳಿ ಉಂಟಾ?’ ಅಂತ ಕೇಳಿದರು.

ಮುಂದಿನ ಮೇ ತಿಂಗಳಲ್ಲಿ ಭಾವ ಮತ್ತೆ ಬರುತ್ತಾರಂತೆ, ಈ ಸಲ ಹದಿನೈದು ಜನ. ‘ಒಂದೇ ದೊಡ್ಡ ಬೋಟು ನೋಡೋ’ ಅಂತ ಮೆಸೇಜ್ ಹಾಕಿದ್ದಾರೆ. ಎರಡು ಬೋಟು ಹಿಡಿಯೋಣ ಭಾವ, ಯಾವ ಕಡೆ ಅನ್ನೋದನ್ನು ಹಿಂದಿನ ಸಂಜೆ ಸ್ಕಿಪ್ಪರ್ ಹೇಳ್ತಾರೆ ಅಂತ ಬರೆದಿದ್ದೇನೆ. ಉತ್ತರ ಇನ್ನೂ ಬಂದಿಲ್ಲ.