ಬೂಷ್ಟು ಹಿಡಿದ ಸಿಗಾರಿಗೆ ಹನ್ನೊಂದು ಸಾವಿರ ರೂಪಾಯಿ

‘ಇದು ಬೂಷ್ಟಲ್ಲ ಸರ್, ಬ್ಲೂಮ್. ಚೆನ್ನಾಗಿ ಮಾಗಿದ ಸಿಗಾರಿನ ಲಕ್ಷಣ.’ ಹಸಿರು ಮಚ್ಚೆ ಎದ್ದ ಸಿಗಾರನ್ನು ಬೆರಳಲ್ಲಿ ತಿರುಗಿಸುತ್ತಾ ಶಿವಮೊಗ್ಗದ ಆ ಮಳಿಗೆಯ ಮಾಲೀಕ ನನ್ನ ಮುಖ ನೋಡಿಕೊಂಡು ಹೇಳಿದ ಮಾತು ಇದು. ಹೇಳಿದ್ದು ಯಾರಿಗೆ? ತೀರ್ಥಹಳ್ಳಿ ಕಡೆಯ ಅಡಿಕೆ ಬೆಳೆಗಾರನಿಗೆ. ಹುಟ್ಟಿದಾಗಿನಿಂದ ಬೂಷ್ಟಿನ ಜೊತೆ ಗುದ್ದಾಡಿಕೊಂಡೇ ಬಂದವರು ನಾವು. ಮಳೆಗಾಲ ಬಂತೆಂದರೆ ಚಪ್ಪಲಿ, ಬೆಲ್ಟು, ಕಪಾಟಿನ ರೇಷ್ಮೆ ಸೀರೆ, ದೇವರ ಪಟದ ಚೌಕಟ್ಟು, ಯಾವುದನ್ನೂ ಅದು ಬಿಡುವುದಿಲ್ಲ. ಮಂಡಿಗೆ ಅಡಿಕೆ ಒಯ್ದರೆ ವ್ಯಾಪಾರಿ ಚೀಲಕ್ಕೆ ಕೈ ಹಾಕಿ ಒಂದು ಹಿಡಿ ತೆಗೆದು ಮೂಸುತ್ತಾನೆ, ನಾಲ್ಕನ್ನು ಒಡೆದು ನೋಡುತ್ತಾನೆ, ಸ್ವಲ್ಪ ಬೂಷ್ಟು ಕಂಡರೂ ಕ್ವಿಂಟಲ್ ದರ ನಿಂತಲ್ಲೇ ಇಳಿಯುತ್ತದೆ. ನಾವು ತುಟಿ ಪಿಟಕ್ಕೆನ್ನದೆ ಕೊಟ್ಟಷ್ಟು ತೆಗೆದುಕೊಂಡು ಬರುತ್ತೇವೆ. ಅದೇ ಊರಿನಲ್ಲಿ ಅದೇ ಬೂಷ್ಟನ್ನು ನಮಗೆ ಪೂರ್ತಿ ಬೆಲೆಗೆ ಮಾರಿ, ಅದನ್ನೇ ಹೆಚ್ಚುಗಾರಿಕೆ ಎನ್ನುತ್ತಾರೆ!

ಐದು ಸಿಗಾರಿನ ಪೆಟ್ಟಿಗೆ, ಬೆಲೆ ಹನ್ನೊಂದು ಸಾವಿರ ರೂಪಾಯಿ. ನಿಕರಾಗುವಾ ದೇಶದ ಎಲೆ, ಡಬಲ್ ಕರೋನಾ ಅಳತೆ: ಏಳೂವರೆ ಇಂಚು ಉದ್ದ, 50 ರಿಂಗ್ ಗೇಜ್ ದಪ್ಪ. ಒಂದು ಇಂಚನ್ನು 64 ಪಾಲು ಮಾಡಿ ಲೆಕ್ಕ ಹಿಡಿಯುವುದು ರಿಂಗ್ ಗೇಜ್. 50 ಎಂದರೆ ಹೆಚ್ಚುಕಡಿಮೆ ಎರಡು ಸೆಂಟಿಮೀಟರ್. ಇಷ್ಟು ದೊಡ್ಡದನ್ನು ಅವಸರವಿಲ್ಲದೆ ಸೇದಿದರೆ ಒಂದೂವರೆ ಗಂಟೆಗೂ ಮೀರಿ ಉರಿಯುತ್ತದೆ. ಬೀಡಿ, ಸಿಗರೇಟಿನ ಹಾಗೆ ಹೊಗೆಯನ್ನು ಎದೆಗೆ ಎಳೆದುಕೊಳ್ಳುವುದಲ್ಲ. ಬಾಯಲ್ಲಿ ಆಡಿಸಿ ರುಚಿ ನೋಡಿ ಬಿಡುವುದು. ಅಡಿಕೆ ದುಡ್ಡು ಬಂದು, ಸಾಲದ ಕಂತು, ಗೊಬ್ಬರದಂಗಡಿಯ ಬಾಕಿ, ಮಕ್ಕಳ ಫೀಸು ಎಲ್ಲ ತೀರಿದ ಮೇಲೆ ನಾನೂ ನನ್ನ ಭಾವನೂ ಜಗಲಿಯಲ್ಲಿ ಕೂತು ಸೇದುವುದು ನಮಗಿರುವ ಒಂದೇ ದುಬಾರಿ ಖುಷಿ. ತಂಬಾಕು ದೇಹಕ್ಕೆ ಕೆಟ್ಟದ್ದು, ಸಿಗಾರ್ ಅದಕ್ಕೆ ಹೊರತಲ್ಲ. ಪೊಟ್ಟಣದ ಶೇ 85 ಭಾಗ ಆವರಿಸುವ ಎಚ್ಚರಿಕೆಯ ಚಿತ್ರ ನನ್ನ ಕಣ್ಣಿಗೂ ಬೀಳುತ್ತದೆ. ‘ಸೇದುವುದೇ ಹಾಳು ಚಟ, ಬೂಷ್ಟು ಹಿಡಿದರೇನು, ಬಿಟ್ಟರೇನು’ ಎಂದು ಉಪದೇಶಕ್ಕೆ ಬರುವವರಿಗೆ ಒಂದು ಮಾತು: ನಾನು ಎಣಿಸಿಕೊಟ್ಟ ನೋಟುಗಳಿಗೆ ಬೂಷ್ಟು ಹಿಡಿದಿರಲಿಲ್ಲ.

ಪುನರ್ವಸು ಮಳೆ ಹಿಡಿದು ಸುರಿಯುತ್ತಿದ್ದ ಸಂಜೆ ಮೊದಲನೆಯದನ್ನು ತೆಗೆದೆವು. ಹೊರಗಿನಿಂದ ನೋಡಿದರೆ ಕುಂದಿಲ್ಲ. ಕಂದು ಬಣ್ಣದ ಎಲೆ, ಎಣ್ಣೆ ಸವರಿದ ಹೊಳಪು. ತುದಿ ಕತ್ತರಿಸಿ, ಹಚ್ಚುವ ಮೊದಲು ಒಮ್ಮೆ ಎಳೆದು ನೋಡುವುದು ರೂಢಿ. ಒಣ ಎಲೆಯ ಸಿಹಿ, ಸೀಡರ್ ಮರದ ಪರಿಮಳ ಬರಬೇಕು. ಬಂದದ್ದು ಮುಗ್ಗಲು ವಾಸನೆ. ಹಚ್ಚಿದೆವು. ಎಲೆ ನೀರು ಕುಡಿದು ಉಬ್ಬಿ ಒಳಗಿನ ದಾರಿಯೇ ಕಟ್ಟಿಹೋಗಿತ್ತು. ಕೆನ್ನೆ ಗುಳಿ ಬೀಳುವಷ್ಟು ಎಳೆದರೂ ಬಾಯಿಗೆ ಬಂದದ್ದು ಒಂದೆಳೆ ಹೊಗೆ. ಒಂದು ಮಗ್ಗುಲು ಮಾತ್ರ ಉರಿದು ಇನ್ನೊಂದು ಮಗ್ಗುಲು ಹಸಿಯಾಗಿಯೇ ಉಳಿಯಿತು. ಬಿಸಿ ತಾಗಿದ ಕಡೆ ಹೊರ ಎಲೆ ಸೀಳಿತು. ಆರುವುದು, ಹಚ್ಚುವುದು, ಮತ್ತೆ ಆರುವುದು. ಪ್ರತಿ ಸಲ ಹಚ್ಚಿದಾಗಲೂ ಕಹಿ ಏರುತ್ತಾ ಹೋಗಿ ನಾಲಿಗೆಯ ಬುಡದಲ್ಲಿ ಹುಳಿಯೂ ಸೇರಿಕೊಂಡಿತು. ಭಾವ ಅರ್ಧಕ್ಕೆ ಮೊದಲೇ ಕೆಳಗಿಟ್ಟರು. ‘ಚುಟ್ಟಾ ಇದಕ್ಕಿಂತ ಮೇಲು ಕಣಯ್ಯಾ’ ಎಂದು ಬಾಯಿ ಮುಕ್ಕಳಿಸಲು ಎದ್ದುಹೋದರು. ತಮಿಳುನಾಡಿನ ತಿರುಚ್ಚಿ ಚುಟ್ಟಾಕ್ಕೆ ಒಂದು ಕಾಲದಲ್ಲಿ ಇಂಗ್ಲೆಂಡಿನಲ್ಲೂ ಹೆಸರಿತ್ತು, ಅದನ್ನು ಕೀಳು ಎಂದು ನಾನು ಹೇಳಲಾರೆ. ಆದರೆ ಭಾವನ ಬಾಯಲ್ಲಿ ಆ ಮಾತು ಬರುವಂತಾದದ್ದು ಎಲೆಯ ತಪ್ಪಿನಿಂದಲ್ಲ, ಇಟ್ಟುಕೊಂಡವನ ತಪ್ಪಿನಿಂದ.

ನನ್ನ ಹೊಟ್ಟೆ ಉರಿಯುವುದೇ ಇಲ್ಲಿ. ಆ ಎಲೆಯ ಹಿಂದೆ ಎಷ್ಟು ಜನರ ಕೈಯಿದೆ! ನಿಕರಾಗುವಾದ ಎಸ್ತೆಲಿ, ಹಲಾಪಾ ಕಣಿವೆಗಳಲ್ಲಿ ಬೆಳೆದು, ಕೊಟ್ಟಿಗೆಯ ಗಳಗಳಲ್ಲಿ ತೂಗುಹಾಕಿ ಒಣಗಿಸಿ, ಆಮೇಲೆ ದೊಡ್ಡ ರಾಶಿ ಹಾಕಿ ಹುದುಗಲು ಬಿಡುತ್ತಾರೆ. ರಾಶಿಯ ಒಳಗಿನ ಕಾವು ಏರಿದಾಗಲೆಲ್ಲ ಒಡೆದು ಮಗುಚಿ ಮತ್ತೆ ಒಟ್ಟಬೇಕು. ಎಲೆಯ ಘಾಟು, ಅಮೋನಿಯ ಹೋಗುವುದು ಆಗಲೇ. ಬಳಿಕ ವರ್ಷಗಟ್ಟಲೆ ಮಾಗಿಸುತ್ತಾರೆ. ಗಿಡದ ಮೇಲಿನ ಎಲೆ ಲಿಹೆರೋ. ಖಾರ ಹೆಚ್ಚು, ಉರಿಯುವುದು ನಿಧಾನ, ಆದ್ದರಿಂದ ಸಿಗಾರಿನ ನಟ್ಟನಡುವೆ ಅದರ ಜಾಗ. ನಡುವಿನ ಎಲೆ ಸೆಕೋ ಪರಿಮಳಕ್ಕೆ, ಬುಡದ ಎಲೆ ವೊಲಾದೋ ಸರಾಗ ಉರಿಯುವುದಕ್ಕೆ. ಈ ಮೂರರ ಪಾಕ ಹದವಾಗಿದ್ದರೆ ದೊಡ್ಡ ಸಿಗಾರಿನಲ್ಲಿ ರುಚಿ ಒಂದೇ ಕಡೆ ನಿಲ್ಲುವುದಿಲ್ಲ. ಮೊದಲು ಮೆದುವಾದ ಸಿಹಿ, ಅರ್ಧಕ್ಕೆ ಬಂದಾಗ ಹುರಿದ ಕಾಫಿ ಬೀಜ ಮತ್ತು ಕೋಕೋ, ಕೊನೆಯ ಭಾಗದಲ್ಲಿ ಗಂಟಲಿಗೆ ಕರಿಮೆಣಸು. ಆ ಏರಿಳಿತಕ್ಕಾಗಿಯೇ ಏಳೂವರೆ ಇಂಚಿನದಕ್ಕೆ ದುಡ್ಡು ಸುರಿಯುವುದು. ಅಷ್ಟು ಜನ ಅಷ್ಟು ವರ್ಷ ಕಾದು ಮಾಡಿದ್ದನ್ನು ಕೊನೆಯ ಕೆಲವು ವಾರಗಳಲ್ಲಿ ಒಬ್ಬನ ಉಡಾಫೆ ಹಾಳು ಮಾಡಿತು.

ಮರುದಿನ ಉಳಿದ ನಾಲ್ಕನ್ನೂ ಸೆಲ್ಲೋಫೇನ್ ಬಿಡಿಸಿ ಬೆಳಕಿಗೆ ಹಿಡಿದೆ. ಎರಡರ ಹೊರ ಎಲೆಯ ಮೇಲೆ ಗುಂಡುಗುಂಡಾದ, ಹಸಿರು ಛಾಯೆಯ ರೋಮ ರೋಮದ ಮಚ್ಚೆ. ಬಟ್ಟೆಯಿಂದ ಒರೆಸಿದರೆ ಕೆಳಗೆ ಕಲೆ ಉಳಿಯಿತು. ಇನ್ನೊಂದರ ಹಚ್ಚುವ ತುದಿಯಲ್ಲಿಯೇ, ಒಳಗಿನ ಎಲೆಯ ಮಡಿಕೆಗಳ ನಡುವೆ ಬಿಳಿ ಜೊಂಪೆ. ನಾಲ್ಕನೆಯದರಲ್ಲಿ ಗುಂಡುಸೂಜಿ ಚುಚ್ಚಿದಷ್ಟು ದೊಡ್ಡ ತೂತು, ತಟ್ಟಿದರೆ ಕಂದು ಹಿಟ್ಟು ಉದುರುತ್ತದೆ. ತಂಬಾಕಿಗೆ ಬೀಳುವ ಕುಟ್ಟೆ ಹುಳು ಅದು. ಒಣಮೆಣಸಿನಕಾಯಿ, ಕೊತ್ತಂಬರಿ ಬೀಜಕ್ಕೂ ಬೀಳುತ್ತದೆ.

ಮಾಲೀಕ ಹೇಳಿದ ಬ್ಲೂಮ್ ಎಂದರೆ ಎಲೆಯ ಎಣ್ಣೆ ಮೇಲೆ ಬಂದು ಹರಳುಗಟ್ಟಿದ ಬೂದಿ ಬಣ್ಣದ ತೆಳು ಧೂಳು ಎನ್ನುತ್ತಾರೆ. ಅದಕ್ಕೆ ಹಸಿರು ಬಣ್ಣವಿಲ್ಲ, ರೋಮವಿಲ್ಲ, ಒರೆಸಿದರೆ ಕಲೆ ಉಳಿಯುವುದಿಲ್ಲ. ಪೆಟ್ಟಿಗೆ ಹಿಡಿದುಕೊಂಡು ಹೋಗಿ ಇದನ್ನೆಲ್ಲ ವಿವರಿಸಿದೆ. ಆತ ಗಾಜಿನ ಬಾಗಿಲಿನ ಹ್ಯುಮಿಡಾರ್, ಅಂದರೆ ಸಿಗಾರನ್ನು ಹದವಾದ ತೇವದಲ್ಲಿ ಇಡುವ ಕಪಾಟು, ತೋರಿಸಿ ‘ನಾವು ಪಕ್ಕಾ ಇಡುತ್ತೇವೆ ಸರ್, ಮುಳ್ಳು 70ರಲ್ಲೇ ಇದೆ ನೋಡಿ’ ಎಂದ. ನೋಡಿದೆ. ತೇವ ಅಳೆಯುವ ಹೈಗ್ರೋಮೀಟರಿನ ಮುಳ್ಳು 70ರಲ್ಲಿತ್ತು ನಿಜ. ಕೆಳಗಿನ ತಟ್ಟೆಯಲ್ಲಿ ಒದ್ದೆ ಸ್ಪಂಜೂ ಇತ್ತು.

ಒದ್ದೆ ಸ್ಪಂಜು! ಆಷಾಢದಲ್ಲಿ, ಹೊರಗಿನ ಗಾಳಿಯ ತೇವವೇ ಶೇ 90ರ ಆಸುಪಾಸಿನಲ್ಲಿ ಇರುವಾಗ! ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಜಿಲ್ಲೆ ಇದು. ಸಿಗಾರಿಗೆ ಬೇಕಾದದ್ದು ಶೇ 65ರಿಂದ 70 ತೇವ, ಇಪ್ಪತ್ತು ಡಿಗ್ರಿ ಆಸುಪಾಸಿನ ತಂಪು. ಚಳಿದೇಶದಲ್ಲಿ ಹೀಟರ್ ಹಾಕಿ ಮನೆಯೊಳಗಿನ ಗಾಳಿ ಒಣಗುವವರಿಗೆ ಸ್ಪಂಜು ಬೇಕು. ನಮ್ಮಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಾಡಬೇಕಾದದ್ದು ತೇವ ತೆಗೆಯುವ ಕೆಲಸ, ಕೂಡಿಸುವ ಕೆಲಸವಲ್ಲ. ಗಾಳಿಯಾಡದ ಡಬ್ಬಿ, ಅದರೊಳಗೆ ತೇವ ಹೆಚ್ಚಿದರೆ ಹೀರಿ ಕಡಿಮೆಯಾದರೆ ಬಿಡುವ ಚಿಕ್ಕ ಪೊಟ್ಟಣ, ಇಷ್ಟು ಸಾಕು. ಹಗಲಿಡೀ ಏಸಿ, ರಾತ್ರಿ ಅದನ್ನು ಆರಿಸಿ ಬೀಗ ಹಾಕಿಕೊಂಡು ಹೋಗುವ ಮಳಿಗೆಯಲ್ಲಿ ಗಾಜಿನ ಬಾಗಿಲೂ ಹಳದಿ ದೀಪವೂ ಇರುವುದು ಗಿರಾಕಿಯ ಕಣ್ಣಿಗಾಗಿ, ಎಲೆಗಾಗಿ ಅಲ್ಲ.

ಇನ್ನು ಆ ಮುಳ್ಳು. ಮುಳ್ಳಿನ ಹೈಗ್ರೋಮೀಟರನ್ನು ಪರೀಕ್ಷಿಸದೆ ನಂಬುವುದೇ ತಪ್ಪು. ಒಂದು ಮುಚ್ಚಳದಲ್ಲಿ ಅಡುಗೆ ಉಪ್ಪು ಹಾಕಿ, ಕೆಸರಾಗುವಷ್ಟು ಮಾತ್ರ ನೀರು ಬೆರೆಸಿ, ಉಪಕರಣದ ಜೊತೆ ಬಿಗಿ ಡಬ್ಬಿಯಲ್ಲಿ ಒಂದು ರಾತ್ರಿ ಇಟ್ಟರೆ ಒಳಗಿನ ಗಾಳಿ ಶೇ 75ಕ್ಕೆ ಬಂದು ನಿಲ್ಲುತ್ತದೆ. ಮುಳ್ಳು 75 ತೋರಿಸದಿದ್ದರೆ ಎಷ್ಟು ತಪ್ಪಿದೆ ಎಂಬುದು ಗೊತ್ತಾಗುತ್ತದೆ. ಒಂದು ಚಮಚ ಉಪ್ಪಿನ ಖರ್ಚು. ಹನ್ನೊಂದು ಸಾವಿರದ ಪೆಟ್ಟಿಗೆ ಮಾರುವವನಿಗೆ ಇದು ತಿಳಿದಿರಬೇಡವೇ? ನಾನು ಇದನ್ನು ಹೇಳಿದ್ದಕ್ಕೆ ಬಂದ ಉತ್ತರ: ‘ದೊಡ್ಡ ಸಿಗಾರ್ ಸೇದಿ ಅಭ್ಯಾಸವಿಲ್ಲದವರಿಗೆ ಹಾಗೆ ಅನ್ನಿಸುತ್ತದೆ ಸರ್.’ ಜೊತೆಗೆ ಬಿಲ್ಲಿನ ಕೆಳಗಿನ ಸಾಲಿನ ಮೇಲೆ ಬೆರಳಿಟ್ಟ: ‘ಮಾರಿದ ಮಾಲನ್ನು ವಾಪಸು ಪಡೆಯುವುದಿಲ್ಲ.’

ಹಾಗಾದರೆ ಆತನೂ ಕೇಳಿಸಿಕೊಳ್ಳಲಿ. 2019ರ ಗ್ರಾಹಕರ ಸಂರಕ್ಷಣಾ ಕಾಯ್ದೆಯ ಪ್ರಕಾರ ದೋಷವಿರುವ ಸರಕನ್ನು ವಾಪಸು ಪಡೆದು ಹಣ ಕೊಡಲು ನಿರಾಕರಿಸುವುದೇ ಅನುಚಿತ ವ್ಯಾಪಾರ ಪದ್ಧತಿ. ಬಿಲ್ಲಿನಲ್ಲಿ ಅವಧಿ ನಮೂದಿಸದಿದ್ದರೆ ಮೂವತ್ತು ದಿನಗಳ ಒಳಗೆ ಹಣ ಮರಳಿಸಬೇಕು. ಜಿಲ್ಲಾ ಗ್ರಾಹಕರ ಆಯೋಗದಲ್ಲಿ ಐದು ಲಕ್ಷ ರೂಪಾಯಿವರೆಗಿನ ದೂರಿಗೆ ಶುಲ್ಕವೂ ಇಲ್ಲ. ನಾಲ್ಕು ಸಿಗಾರುಗಳನ್ನೂ ಅರ್ಧ ಸುಟ್ಟ ಒಂದನ್ನೂ ಬಿಗಿ ಚೀಲದಲ್ಲಿ ಹಾಕಿ, ಬೇರೆ ಬೇರೆ ಕೋನದಿಂದ ಫೋಟೋ ತೆಗೆದು, ಬಿಲ್ಲಿನ ಜೊತೆ ಇಟ್ಟಿದ್ದೇನೆ. ‘ಬೇಕಾದರೆ ಬೇರೆ ಪೆಟ್ಟಿಗೆ ಕೊಡೋಣ’ ಎಂದು ನಿನ್ನೆ ಫೋನು ಬಂದಿತ್ತು. ಅದೇ ಸ್ಪಂಜಿನ ಮೇಲೆ ಕೂತಿದ್ದ ಇನ್ನೊಂದು ಪೆಟ್ಟಿಗೆ ನನಗೆ ಬೇಡ. ಹನ್ನೊಂದು ಸಾವಿರ ರೂಪಾಯಿ ಬೇಕು, ಪೂರ್ತಿ, ಈ ತಿಂಗಳೊಳಗೆ.