ಹತ್ತನೇ ದಿನದ ನೆಗೆಟಿವ್ ನಂಬಬಹುದೇ?

ಸೋಂಕು ತಗುಲಿರಬಹುದಾದ ಘಟನೆಯಾಗಿ ಹತ್ತನೇ ದಿನ ಎಚ್‌ಐವಿ ಟೆಸ್ಟ್ ನೆಗೆಟಿವ್ ಬಂದರೂ ನಿದ್ದೆಯಿಲ್ಲ ಎಂದಿರುವ ಮಂಡ್ಯದವರೇ, ಕಿಟ್‌ನಲ್ಲಿ ದೋಷವಿಲ್ಲ, ನೀವು ಹೋದದ್ದು ಬೇಗವಾಯಿತು. ಬೆರಳು ಚುಚ್ಚಿ ಮಾಡುವ ರ‍್ಯಾಪಿಡ್ ಟೆಸ್ಟ್ ಹುಡುಕುವುದು ವೈರಸ್ ವಿರುದ್ಧ ದೇಹ ತಯಾರಿಸುವ ಪ್ರತಿಕಾಯಗಳನ್ನು. ಅವು ರಕ್ತದಲ್ಲಿ ಕಾಣಿಸಿಕೊಳ್ಳಲು 90 ದಿನದವರೆಗೂ ಹಿಡಿಯಬಹುದು. ವೈರಸ್‌ನ ಪಿ24 ಆ್ಯಂಟಿಜನ್ (ವೈರಸ್‌ನದೇ ಒಂದು ಪ್ರೋಟೀನ್) ಅನ್ನೂ ಹುಡುಕುವ ನಾಲ್ಕನೇ ತಲೆಮಾರಿನ ಲ್ಯಾಬ್ ಟೆಸ್ಟ್, ತೋಳಿನ ರಕ್ತದಲ್ಲಿ, 45 ದಿನಕ್ಕೆ ನೆಗೆಟಿವ್ ಬಂದರೆ ಧೈರ್ಯವಾಗಿ ನಂಬಿ. ಆಮೇಲೂ ವಾರಕ್ಕೊಂದು ಲ್ಯಾಬ್ ಅಲೆಯಬೇಡಿ, ದಯವಿಟ್ಟು.

ಕಿಟ್‌ನಲ್ಲಿ ಟೆಸ್ಟ್ ಸರಿಯಾಗಿ ನಡೆದಿದೆ ಎಂದು ತೋರಿಸುವ 'ಸಿ' ಗೆರೆ ಮೂಡದಿದ್ದರೆ ಆ ಟೆಸ್ಟ್ ಲೆಕ್ಕಕ್ಕಿಲ್ಲ. ಪಾಸಿಟಿವ್ ಇರಬಹುದೆಂದು ತೋರಿಸುವ 'ಟಿ' ಗೆರೆ ಮಸುಕಾಗಿ ಮೂಡಿದರೂ ಬೇರೆ ಕಿಟ್‌ಗಳಲ್ಲಿ ಖಚಿತಪಡಿಸಿಕೊಳ್ಳಬೇಕು.

ಘಟನೆಯಾಗಿ 72 ಗಂಟೆ ದಾಟಿಲ್ಲದವರು ಟೆಸ್ಟ್‌ಗೆ ಕಾಯದೆ ಇವತ್ತೇ ವೈದ್ಯರ ಬಳಿ ಪಿಇಪಿ (ಸೋಂಕು ತಡೆಯುವ ತುರ್ತು ಮಾತ್ರೆ) ಕೇಳಿ. 28 ದಿನ ತಪ್ಪದೆ ನುಂಗಬೇಕು. ಮೈಸೂರಿನ ಕೆ.ಆರ್. ಆಸ್ಪತ್ರೆ, ಮಂಡ್ಯದ ಮಿಮ್ಸ್ ಆಸ್ಪತ್ರೆಯಲ್ಲಿ ಪರೀಕ್ಷೆ, ಸಲಹೆ ಉಚಿತ, ಗುಟ್ಟಾಗಿರುತ್ತದೆ. ಫೋನ್‌ನಲ್ಲಿ ಕೇಳಲು 1097.