ಬಾಕ್ಸಿನ ಮೇಲಿನ ಸಾಲು

ಟೊಮೆಟೊ ಬಾಕ್ಸಿನ ಮೇಲಿನ ಸಾಲು ನೋಡಿ ದರ ಕೂಗಬಾರದು. ಕೋಲಾರದಲ್ಲಿ ಇದನ್ನು ಯಾರಿಗೂ ಹೇಳಿಕೊಡಬೇಕಿಲ್ಲ. 15 ಕೆಜಿ ಬಾಕ್ಸು, ಮೇಲೆ ಕೆಂಪಗೆ ಗುಂಡಗೆ ಹೊಳೆಯೋ ಹಣ್ಣು. ಕೈ ಒಳಗೆ ಇಳಿಸಿದರೆ ಗೋಲಿ ಸೈಜಿನವು ನಾಲ್ಕು, ಒಡೆದದ್ದು ಎರಡು. ನಮ್ಮ ಪಕ್ಕದ ಮನೆಯ ರೈಟರ್ ಅಣ್ಣ ಮಂಡಿಯಲ್ಲಿ ಮೂವತ್ತು ವರ್ಷ ಲೆಕ್ಕ ಬರೆದವರು. ಮನೆಗೆ ಮಾವಿನಹಣ್ಣು ಬಂದರೂ ಚೀಲದ ತಳದಿಂದಲೇ ಮೊದಲು ತೆಗೆದು ಮೂಸುತ್ತಾರೆ.

ಅಂಥ ರೈಟರ್ ಅಣ್ಣ ಈಗ ಜೇಲನ್ ಬ್ರನ್ಸನ್ ಪಾರ್ಟಿ. ಅವರ ತಂಗಿಯ ಮಗ, ಇಂಜಿನಿಯರಿಂಗ್ ಓದೋ ಹುಡುಗ, ಟೈರೀಸ್ ಹ್ಯಾಲಿಬರ್ಟನ್ ಪಾರ್ಟಿ. ಇಬ್ಬರೂ ಅಮೆರಿಕದ ಬಾಸ್ಕೆಟ್‌ಬಾಲ್ ಆಟಗಾರರು, ಇಬ್ಬರೂ ಗಾರ್ಡುಗಳು. ಮಂಡಿ ಪಕ್ಕದ ಟೀ ಅಂಗಡಿಯಲ್ಲಿ ಈ ಮಾತು ಮೊದಲ ಸಲ ಬಂದಾಗ ಅಂಗಡಿಯವರು ಕೇಳಿದ್ದು ಒಂದೇ ಪ್ರಶ್ನೆ: "ಯಾವ ಬ್ಯಾಂಕಲ್ಲಣ್ಣ?"

ಚೆಂಡು ತಂದು, ಆಟ ನಡೆಸಿ, ಯಾರಿಗೆ ಕೊಡಬೇಕೋ ಕೊಟ್ಟು, ಬೇಕಾದಾಗ ತಾನೇ ಹೊಡೆಯೋನು ಗಾರ್ಡು ಅಂತ ಹುಡುಗ ವಿವರಿಸಿದ. "ಓ, ಮೇಸ್ತ್ರಿ" ಅಂದರು ಅಂಗಡಿಯವರು. ಅಲ್ಲಿಂದ ನಮ್ಮ ಅಂಗಡಿಯಲ್ಲಿ ಮೇಸ್ತ್ರಿಗಳ ಜಗಳ ಶುರುವಾಯಿತು. ಇನ್ನೂ ನಿಂತಿಲ್ಲ.

ಜಗಳ ಜೋರಾದ ದಿನ ನನಗೆ ಚೆನ್ನಾಗಿ ನೆನಪಿದೆ. 2025ರ ಮೇ 22, ಬೆಳಗ್ಗೆ. ನ್ಯೂಯಾರ್ಕಿನಲ್ಲಿ ಅದು ಇನ್ನೂ ಬುಧವಾರ ರಾತ್ರಿ. ಮ್ಯಾಡಿಸನ್ ಸ್ಕ್ವೇರ್ ಗಾರ್ಡನ್‌ನಲ್ಲಿ ಬ್ರನ್ಸನ್‌ನ ನ್ಯೂಯಾರ್ಕ್ ನಿಕ್ಸ್, ಹ್ಯಾಲಿಬರ್ಟನ್‌ನ ಇಂಡಿಯಾನಾ ಪೇಸರ್ಸ್, ಅಲ್ಲಿನ ಎನ್‌ಬಿಎ ಲೀಗಿನ ಪೂರ್ವ ಭಾಗದ ಫೈನಲ್ ಸರಣಿಯ ಮೊದಲನೇ ಆಟ. ಒಂದು ಮೊಬೈಲು, ಅದನ್ನು ಸಕ್ಕರೆ ಡಬ್ಬಿಗೆ ಒರಗಿಸಿ ಇಟ್ಟಿದ್ದಾರೆ, ಸುತ್ತ ಒಂಬತ್ತು ತಲೆ. ಮೂರು ನಿಮಿಷಕ್ಕೂ ಕಡಿಮೆ ಉಳಿದಿದೆ, ನಿಕ್ಸ್ 14 ಪಾಯಿಂಟು ಮುಂದೆ. ರೈಟರ್ ಅಣ್ಣ ಎಲ್ಲರಿಗೂ ಟೀ ಹೇಳಿದರು. ಅವರು ಇನ್ನೊಬ್ಬರಿಗೆ ಟೀ ಹೇಳಿದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ.

ಆಮೇಲೆ ಏರಾನ್ ನೆಸ್ಮಿತ್ ಅನ್ನೋ ಇನ್ನೊಬ್ಬ ಪೇಸರ್ಸ್ ಹುಡುಗ ದೂರದಿಂದ ಸಾಲಾಗಿ ಹೊಡೆದ. ಈ ನೆಸ್ಮಿತ್ ಇಲ್ಲದಿದ್ದರೆ ಮುಂದಿನ ಕಥೆಯೇ ಇಲ್ಲ. ಆದರೆ ಅವನ ಹೆಸರಿನಲ್ಲಿ ನಮ್ಮೂರಲ್ಲಿ ಪಾರ್ಟಿ ಹುಟ್ಟಲಿಲ್ಲ. ಬಾಕ್ಸಿನ ತಳದ ಹಣ್ಣು ನೋಡಿ.

ಕೊನೇ ಕ್ಷಣ. ಪೇಸರ್ಸ್ ಎರಡು ಪಾಯಿಂಟು ಹಿಂದೆ. ಹ್ಯಾಲಿಬರ್ಟನ್ ಹಿಂದಕ್ಕೆ ಓಡಿ, ತಿರುಗಿ, ಎಸೆದ. ಚೆಂಡು ರಿಂಗಿನ ಹಿಂಬದಿಗೆ ಬಡಿದು ನೆಟ್ಟಗೆ ಮೇಲೆ ಹೋಯಿತು. ಹಲಗೆಗಿಂತ ಮೇಲೆ. ಟೀ ಸೋಸುತ್ತಿದ್ದ ಕೈ ಹಾಗೇ ನಿಂತಿತು. ಆ ಚೆಂಡು ಮೇಲಿದ್ದಷ್ಟು ಹೊತ್ತು ಅವನು ಊರಿಗೆಲ್ಲ ಉಬ್ಬಿಸಿದ ಬಲೂನು. ಕೆಳಗೆ ಬಿದ್ದು ಬಲೆಯೊಳಗೆ ಹೋದ ಮೇಲೆ ಯುಗಪುರುಷ. ನಡುವೆ ಆಗಿದ್ದೇನು? ರಬ್ಬರು ಕಬ್ಬಿಣಕ್ಕೆ ತಾಗಿತು, ಅಷ್ಟೇ. ಅರ್ಧ ಇಂಚು ಆ ಕಡೆ ಬಿದ್ದಿದ್ದರೆ ಇವತ್ತು ರೈಟರ್ ಅಣ್ಣನ ಮೀಸೆ ಇನ್ನೊಂದು ಸುತ್ತು ದಪ್ಪ ಇರುತ್ತಿತ್ತು.

ಗೆದ್ದೇ ಬಿಟ್ಟೆ ಅಂದುಕೊಂಡ ಹ್ಯಾಲಿಬರ್ಟನ್ ಎರಡೂ ಕೈಯಿಂದ ತನ್ನ ಕತ್ತು ಹಿಸುಕಿಕೊಂಡು ಕುಣಿದ. 1994ರಲ್ಲಿ ಅದೇ ಪೇಸರ್ಸ್ ತಂಡದ ರೆಜ್ಜಿ ಮಿಲ್ಲರ್ ಅದೇ ಅಂಗಣದಲ್ಲಿ ಮಾಡಿದ್ದ ಸನ್ನೆ ಅದು. ಇವನ ಕುಣಿತ ಮುಗಿಯೋ ಹೊತ್ತಿಗೆ ರೆಫರಿಗಳು ರೀಪ್ಲೇ ನೋಡಿದರು. ಗೆರೆಯ ಆಚೆ ನಿಂತು ಹೊಡೆದರೆ ಮೂರು ಪಾಯಿಂಟು. ಇವನ ಕಾಲ್ಬೆರಳು ಗೆರೆ ಮೇಲಿತ್ತು! ಮೂರು ಪಾಯಿಂಟಲ್ಲ, ಎರಡೇ. 125-125, ಸಮ. ಬದು ಒತ್ತುವರಿ ಕೇಸು ನಮ್ಮಲ್ಲಿ ತಾತನ ಕಾಲದಿಂದ ಮೊಮ್ಮಗನ ಕಾಲದವರೆಗೆ ನಡೆಯುತ್ತದೆ, ಸರ್ವೆಯವರು ಚೈನು ಹಿಡಿದು ಬರೋದೇ ಮೂರು ಸಲ ಅರ್ಜಿ ಕೊಟ್ಟ ಮೇಲೆ. ಅಲ್ಲಿ ಒಂದು ಬೆರಳಿನ ಒತ್ತುವರಿಯನ್ನು ನಿಂತ ಕಾಲಲ್ಲೇ ಅಳೆದು ಮುಗಿಸಿದರು. ಟೀ ಅಂಗಡಿಯಲ್ಲಿ ಎಲ್ಲರೂ ಮೆಚ್ಚಿದ ಸಂಗತಿ ಅದೊಂದೇ. ಹೆಚ್ಚುವರಿ ಆಟದಲ್ಲಿ ಪೇಸರ್ಸ್ 138-135ಕ್ಕೆ ಗೆದ್ದಿತು. ಬ್ರನ್ಸನ್ 43 ಪಾಯಿಂಟು ಹೊಡೆದಿದ್ದ, ಸೋತ. ಟೀ ದುಡ್ಡು ರೈಟರ್ ಅಣ್ಣನ ಲೆಕ್ಕಕ್ಕೇ ಹೋಯಿತು.

ಆಮೇಲೆ ಶುರುವಾಯಿತು ಹರಾಜು.

ಹುಡುಗ ಮೊದಲು ಕೂಗಿದ: ನಾಲ್ಕನೇ ಆಟದಲ್ಲಿ ಹ್ಯಾಲಿಬರ್ಟನ್ 32 ಪಾಯಿಂಟು, 15 ಅಸಿಸ್ಟು (ಚೆಂಡು ಕೊಟ್ಟು ಬೇರೆಯವರಿಂದ ಹೊಡೆಸಿದ್ದು), 12 ರಿಬೌಂಡು (ಗುರಿ ತಪ್ಪಿ ಬಂದ ಚೆಂಡು ಹಿಡಿದಿದ್ದು), ಚೆಂಡು ಕಳೆದುಕೊಂಡಿದ್ದು ಸೊನ್ನೆ. ರೈಟರ್ ಅಣ್ಣ ತಿರುಗಿಸಿ ಕೂಗಿದರು: ಸೀಸನ್ನಿನ ಸರಾಸರಿ ನೋಡೋ, ಬ್ರನ್ಸನ್ 26, ನಿನ್ನೋನು 18.6. ಕೊನೇ ಗಳಿಗೆಯಲ್ಲಿ ಕೈ ನಡುಗದೆ ಆಡೋನಿಗೆ ಕೊಡೋ ಪ್ರಶಸ್ತಿ ಆ ವರ್ಷ ಬಂದಿದ್ದು ಬ್ರನ್ಸನ್‌ಗೆ. ಡೆಟ್ರಾಯಿಟ್ ಮೇಲೆ ನಾಲ್ಕು ಚಿಲ್ಲರೆ ಸೆಕೆಂಡು ಇದ್ದಾಗ ಹೊಡೆದು ಮನೆಗೆ ಕಳಿಸಿದ್ದು ಯಾರು? ಹುಡುಗ ಬಿಡುತ್ತಾನಾ? ಒಂದೇ ವರ್ಷದ ಪ್ಲೇಆಫ್ ನಾಕೌಟಿನಲ್ಲಿ ಮಿಲ್ವಾಕಿ, ಕ್ಲೀವ್‌ಲ್ಯಾಂಡ್, ನ್ಯೂಯಾರ್ಕ್, ಒಕ್ಲಹೋಮಾ, ನಾಲ್ಕೂ ಕಡೆಯವರ ಕತ್ತು ಕುಯ್ದಿದ್ದು ಯಾರು ಮಾವ? ಒಕ್ಲಹೋಮಾ ಮೇಲೆ ಉಳಿದಿದ್ದು 0.3 ಸೆಕೆಂಡು. ಅಷ್ಟರಲ್ಲಿ ನೀವು ಕೆಮ್ಮೋಕೂ ಆಗಲ್ಲ.

ಮಾವನ ಕೈಲಿ ಇನ್ನೊಂದು ಅಸ್ತ್ರ ಇತ್ತು. ಆ ಏಪ್ರಿಲ್‌ನಲ್ಲಿ ಆಟಗಾರರನ್ನೇ ಹೆಸರು ಬಯಲು ಮಾಡದೆ ಕೇಳಿದ್ದರಂತೆ, ಯೋಗ್ಯತೆಗಿಂತ ಜಾಸ್ತಿ ಹೊಗಳಿಸಿಕೊಂಡವನು ಯಾರು ಅಂತ. ಮೊದಲ ಸ್ಥಾನ ಹ್ಯಾಲಿಬರ್ಟನ್‌ಗೆ. ಎಷ್ಟು ವೋಟು? ಶೇಕಡಾ 14.4. ಸ್ವಾಮಿ, ಅಷ್ಟು ವೋಟು ಬಿದ್ದರೆ ನಮ್ಮಲ್ಲಿ ಡಿಪಾಸಿಟ್ ಹೋಗುತ್ತದೆ. ಆರರಲ್ಲಿ ಒಂದು ಭಾಗವಾದರೂ ಬರಬೇಕು. ಡಿಪಾಸಿಟ್ ಕಳೆದುಕೊಳ್ಳೋ ವೋಟಿಗೆ ಒಬ್ಬ ಮನುಷ್ಯನನ್ನು ಬಲೂನು ಅಂತ ತೀರ್ಮಾನ ಮಾಡಿದ್ದರು. ಇದನ್ನು ನಾನು ಹೇಳಿದ್ದಕ್ಕೆ ರೈಟರ್ ಅಣ್ಣ ಎರಡು ದಿನ ನನ್ನ ಜೊತೆ ಮಾತಾಡಲಿಲ್ಲ.

ಮೂರನೇ ದಿನ ಬಂದು ತ್ಯಾಗದ ವಿಷಯ ತೆಗೆದರು. 2024ರಲ್ಲಿ ಬ್ರನ್ಸನ್ ಒಂದು ವರ್ಷ ಕಾದಿದ್ದರೆ 269 ಮಿಲಿಯನ್ ಡಾಲರಿನ ಕರಾರು ಸಿಗಬಹುದಿತ್ತು. ತಂಡಕ್ಕೆ ಬೇರೆ ಆಟಗಾರರನ್ನು ತರಲು ಅನುಕೂಲ ಆಗಲಿ ಅಂತ 156.5 ಮಿಲಿಯನ್‌ಗೇ ಸಹಿ ಹಾಕಿದ. "113 ಮಿಲಿಯನ್ ಬಿಟ್ಟುಕೊಟ್ಟ ಕಣಯ್ಯಾ! ತ್ಯಾಗ ಅಂದರೆ ಅದು." ಅಂಗಡಿಯವರು ಕೇಳಿದರು: "ಬಾಕ್ಸ್ ಲೆಕ್ಕದಲ್ಲಿ ಎಷ್ಟಾಗುತ್ತೆ?" ರೈಟರ್ ಅಣ್ಣ ಕಿವಿ ಮೇಲಿನ ಪೆನ್ನು ತೆಗೆದು ಬನ್ನಿನ ಕಾಗದದ ಮೇಲೆ ಲೆಕ್ಕ ಹಾಕಿದರು. 2023ರ ಜುಲೈನಲ್ಲಿ ಬಾಕ್ಸು 2,000 ರೂಪಾಯಿ ದಾಟಿತ್ತಲ್ಲ, ಆ ಬಂಗಾರದ ದರದಲ್ಲಿ ಹಿಡಿದರೂ ಸುಮಾರು 48 ಲಕ್ಷ ಬಾಕ್ಸು. ಒಂದು ನಿಮಿಷ ಯಾರೂ ಮಾತಾಡಲಿಲ್ಲ. ಮೂಲೆಯಲ್ಲಿ ಕೂತಿದ್ದ ರೈತರೊಬ್ಬರು, ಹೋದ ತಿಂಗಳು ದರ ಬಿದ್ದು ಎರಡು ಟೆಂಪೋ ಹಣ್ಣು ರಸ್ತೆ ಪಕ್ಕ ಸುರಿದು ಹೋದವರು, ಮೆಲ್ಲಗೆ ಕೇಳಿದರು: "ಹಂಗಾದ್ರೆ ನಾನು ಮಾಡಿದ್ದೂ ತ್ಯಾಗಾನೇನಾ?"

ಫ್ಲೆಕ್ಸಿನ ಕಥೆ ಚಿಕ್ಕದು. ಪೇಸರ್ಸ್ ಸರಣಿಯನ್ನು 4-2ರಲ್ಲಿ ಗೆದ್ದ ವಾರ ನಮ್ಮ ಬೀದಿ ತುದಿಯಲ್ಲಿ ಒಂದು ಶುಭಾಶಯದ ಫ್ಲೆಕ್ಸು ಎದ್ದಿತು. ಹನ್ನೊಂದು ಸ್ಥಳೀಯ ಮುಖಂಡರು, ಎಲ್ಲರ ಕೈಯಲ್ಲೂ ಮೊಬೈಲು. ಬಲಗಡೆ ಕೆಳಗೆ, ಪ್ರಿಂಟಿಂಗ್ ಪ್ರೆಸ್ಸಿನ ಫೋನ್ ನಂಬರಿನ ಪಕ್ಕದಲ್ಲಿ, ಪಾಸ್‌ಪೋರ್ಟ್ ಸೈಜಿನ ಹ್ಯಾಲಿಬರ್ಟನ್. ಹೆಸರಿನ ಮುಂದೆ "ಯುವ ನಾಯಕ" ಅಂತ ಸೇರಿಸಿದ್ದರು.

ಜೂನ್ 23ರ ಬೆಳಗ್ಗೆ ಮಾತ್ರ ಅಂಗಡಿ ಸಪ್ಪಗಿತ್ತು. ಒಕ್ಲಹೋಮಾ ಜೊತೆಗಿನ ಫೈನಲ್ಲು, ಏಳನೇ ಆಟ. ಮೀನಖಂಡ ಉಳುಕಿದ ಕಾಲಲ್ಲೇ ಆಡುತ್ತಿದ್ದ ಹ್ಯಾಲಿಬರ್ಟನ್ ಮೊದಲ ಭಾಗದಲ್ಲೇ ಮೂರು ಸಲ ದೂರದಿಂದ ಹೊಡೆದ. ಆಮೇಲೆ ಚೆಂಡು ಹಿಡಿದು ಹೆಜ್ಜೆ ಇಟ್ಟವನು ಕುಸಿದು ನೆಲಕ್ಕೆ ಗುದ್ದಿದ. ಬಲಗಾಲಿನ ಹಿಮ್ಮಡಿ ಮೇಲಿನ ಸ್ನಾಯುರಜ್ಜು ಹರಿದಿತ್ತು. ರೈಟರ್ ಅಣ್ಣ ಮೊಬೈಲಿಂದ ಮುಖ ತಿರುಗಿಸಿಕೊಂಡರು. "ಅಯ್ಯೋ ಪಾಪ, ಮಗು" ಅಂದಿದ್ದನ್ನು ನಾನೇ ಕೇಳಿಸಿಕೊಂಡೆ. ಪೇಸರ್ಸ್ 91-103ರಲ್ಲಿ ಸೋತಿತು.

2025-26ರ ಸೀಸನ್ನಿಗೆ ಅವನು ಬರಲ್ಲ ಅಂತ ತಂಡ ಹೇಳಿದಾಗ, ಸರಿ, ಇನ್ನಾದರೂ ಜಗಳ ನಿಲ್ಲುತ್ತದೆ ಅಂದುಕೊಂಡೆ. ಒಬ್ಬ ಆಡುತ್ತಾನೆ, ಇನ್ನೊಬ್ಬ ಬೆಂಚಿನ ಪಕ್ಕ ಕೂತಿದ್ದಾನೆ. ಹೋಲಿಸೋದಕ್ಕೆ ಏನಿದೆ? ನಾನು ಇಷ್ಟು ವರ್ಷ ಕೋಲಾರದಲ್ಲಿದ್ದೂ ಮಂಡಿ ಅರ್ಥ ಮಾಡಿಕೊಂಡಿರಲಿಲ್ಲ. ಮಾಲು ಬರಲಿಲ್ಲ ಅಂದರೆ ತಾನೇ ದರ ಏರೋದು! ಹುಡುಗ ಈಗ ದಿನಾ ಕೂಗುತ್ತಾನೆ: ಅವನಿದ್ದಿದ್ದರೆ ಹೀಗಾಗುತ್ತಿತ್ತಾ, ಅವನಿದ್ದಿದ್ದರೆ ಹಾಗೆ ಬಿಡುತ್ತಿದ್ದನಾ. ಇದ್ದಿದ್ದರೆ ಅನ್ನೋ ಆಟಗಾರ ಒಂದು ಸಲವೂ ಚೆಂಡು ಬಿಡುವುದಿಲ್ಲ, ಎಸೆದಿದ್ದೆಲ್ಲ ಬುಟ್ಟಿಗೇ ಬೀಳುತ್ತದೆ. ಅದೇ ಹ್ಯಾಲಿಬರ್ಟನ್ ಫೈನಲ್ಲಿನ ಐದನೇ ಆಟದಲ್ಲಿ ಆರು ಸಲ ಎಸೆದು ಆರೂ ತಪ್ಪಿದ್ದು ಬಾಕ್ಸಿನ ತಳಕ್ಕೆ ಹೋಯಿತು. ಬ್ರನ್ಸನ್ ಪಾಪ ದಿನಾ ಆಡಬೇಕು, ದಿನಾ ಬೈಸಿಕೊಳ್ಳಬೇಕು.

ಇದೆಲ್ಲ ನಡೆಯೋ ಟೀ ಅಂಗಡಿಯಿಂದ ಇನ್ನೂರು ಹೆಜ್ಜೆ ದೂರದಲ್ಲಿ ಒಂದು ಬಾಸ್ಕೆಟ್‌ಬಾಲ್ ಅಂಕಣ ಇದೆ. ಇದೆ ಅಂದರೆ, ಎರಡು ಕಂಬ ಇದೆ. ಅಡಿಗಲ್ಲು ಒಂದು, ಉದ್ಘಾಟನೆ ಕಲ್ಲು ಒಂದು, ನವೀಕರಣದ ಕಲ್ಲು ಒಂದು, ಒಟ್ಟು ಮೂರು ಕಲ್ಲು. ರಿಂಗು ಒಂದೇ. ಇನ್ನೊಂದು ಕಡೆಯ ರಿಂಗನ್ನು ಗಣೇಶನ ಹಬ್ಬದ ಸೀರಿಯಲ್ ಲೈಟು ಕಟ್ಟುವಾಗ ಯಾರೋ ಬಿಚ್ಚಿದವರು ವಾಪಸ್ ತಂದಿಲ್ಲ. ಉಳಿದಿರೋದು ಎಡಕ್ಕೆ ವಾಲಿದೆ, ಬಲೆ ಇಲ್ಲ. ಅರ್ಧ ಅಂಕಣದಲ್ಲಿ ಖಾಲಿ ಬಾಕ್ಸು ಜೋಡಿಸಿದ್ದಾರೆ. ಸುಗ್ಗಿಯಲ್ಲಿ ರಾಗಿ ತೆನೆಯೂ ಬರುತ್ತದೆ. ಮೂರು ಪಾಯಿಂಟಿನ ಗೆರೆ ಎಲ್ಲಿದೆ ಅಂತ ಯಾರಿಗೂ ಗೊತ್ತಿಲ್ಲವಾದ್ದರಿಂದ ಕಾಲ್ಬೆರಳಿನ ತಕರಾರಿಲ್ಲ.

ಅಲ್ಲಿ ದಿನಾ ಸಂಜೆ ಒಂಬತ್ತನೇ ಕ್ಲಾಸಿನ ಒಬ್ಬ ಹುಡುಗಿ ಬರುತ್ತಾಳೆ. ಒಬ್ಬಳೇ. ಮೈ ಸವೆದು ನುಣ್ಣಗಾದ ಚೆಂಡು. ರಿಂಗು ಎಡಕ್ಕೆ ವಾಲಿರೋದರಿಂದ ಅವಳು ಒಂದು ಗೇಣು ಬಲಕ್ಕೆ ಗುರಿ ಇಟ್ಟು ಎಸೆಯುತ್ತಾಳೆ. ಹತ್ತಕ್ಕೆ ಆರೇಳು ಬೀಳುತ್ತದೆ. ಸರಿಯಾದ ರಿಂಗು ಸಿಕ್ಕ ದಿನ ಈ ಮಗು ಏನು ಮಾಡುತ್ತದೋ ಅಂತ ನನಗೆ ಒಂದು ಭಯ ಇದೆ.

ಮೊನ್ನೆ ಕರೆಂಟು ಹೋಗಿ ಮೊಬೈಲುಗಳೂ ಸತ್ತು, ಎರಡೂ ಪಾರ್ಟಿಯವರು ಮೊದಲ ಸಲ ಅತ್ತ ನಡೆದರು. ಹುಡುಗಿ ಎರಡು ಹೆಜ್ಜೆ ಹಿಂದೆ ಸರಿದು ಎಸೆದಳು. ಬಿತ್ತು. ಅಷ್ಟೇ ಸಾಕಾಯಿತು. "ಬ್ರನ್ಸನ್ ಕಣೋ, ಆ ಕಾಲು ನೋಡು" ಅಂದರು ರೈಟರ್ ಅಣ್ಣ. "ಎಲ್ಲಿ ಮಾವ, ಕೈ ನೋಡಿ, ಅಪ್ಪಟ ಹ್ಯಾಲಿಬರ್ಟನ್" ಅಂದ ಹುಡುಗ. ಬಾಕ್ಸುಗಳ ಮೇಲೆ ಹತ್ತಿ ಕೂತು ಹರಾಜು ಏರಿತು. ಅವಳ ಎತ್ತರ ಇಷ್ಟಿರಬಹುದು, ತೋಳು ಇಷ್ಟಿರಬಹುದು, ಅವಳಪ್ಪ ಆಡಿದ್ದನಾ, ಬ್ರನ್ಸನ್‌ನ ಅಪ್ಪನೂ ಆಡಿದ್ದ ನೋಡು.

ಅವಳು ಇನ್ನೊಂದು ಎಸೆದಳು. ಚೆಂಡು ರಿಂಗಿಗೂ ಹಲಗೆಗೂ ನಡುವೆ ಸಿಕ್ಕಿಕೊಂಡು ಅಲ್ಲೇ ಕೂತಿತು. ಕೆಳಗಿಂದ ನೆಗೆದಳು, ಸಿಗಲಿಲ್ಲ. ಚಪ್ಪಲಿ ಎಸೆದಳು, ಚಪ್ಪಲಿ ವಾಪಸ್ ಬಂತು.

"ಏ ಪುಟ್ಟಿ, ನೀನೇ ಹೇಳಮ್ಮ" ಅಂತ ರೈಟರ್ ಅಣ್ಣ ಕೂಗಿದರು. "ಇವರಿಬ್ಬರಲ್ಲಿ ಯಾರು ಮೇಲು?"

ಅವಳು ಅವರು ಕೂತಿದ್ದ ಬಾಕ್ಸಿನ ಕಡೆ ಬಂದಳು. ಟೊಮೆಟೊ ಗಿಡಕ್ಕೆ ಊರುಗೋಲು ಕೊಡೋ ನೀಲಗಿರಿ ಕಡ್ಡಿಗಳ ಕಟ್ಟೊಂದು ಅವರ ಕಾಲ ಕೆಳಗಿತ್ತು.

"ಅಂಕಲ್, ಸ್ವಲ್ಪ ಕಾಲೆತ್ತಿ. ಆ ಕಡ್ಡಿ ಬೇಕಿತ್ತು."